ಡೊಲ್ಫಿಯವರು ಕಟ್ ಮಾಡಿದ ಗದ್ದಲ

ಸ್ಪೀಕರ್ ಒಮ್ಮೆಲೇ ಧಡಂ ಎಂದ ರಭಸಕ್ಕೆ ಮದುಮಗಳ ತಲೆಗೆ ಹಚ್ಚಬೇಕಾದ ತೆಂಗಿನಹಾಲು ನನ್ನ ಸೀರೆಯ ಮೇಲೆ ಚೆಲ್ಲಿತು. ಅಂದು ಕದ್ರಿಯಲ್ಲಿ ನಮ್ಮ ಪಕ್ಕದ ಮನೆಯ ಕ್ರೈಸ್ತ ಹುಡುಗಿಯ ‘ರೋಸ್’, ಅಂದರೆ ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ಶಾಸ್ತ್ರ. ಅವಳ ಸೋದರಮಾವ ಡೊಲ್ಫಿಯವರು ಗಲ್ಫಿನಿಂದ ಬಂದವರೇ ಮಲಗುವ ಕೋಣೆಯ ಗೋಡೆಗೆಲ್ಲ ಸದ್ದು ತಡೆಯಲು ಮೊಟ್ಟೆಯ ಟ್ರೇ ಅಂಟಿಸಿ ‘ಸ್ಟುಡಿಯೊ’ ಮಾಡಿದ್ದರು. ತಮ್ಮ ತಾಯಿ ಲಿಲ್ಲಿಬಾಯಿ ಹಾಡುವ ಮದುವೆ ಹಾಡಿಗೆ ಅಲ್ಲಿಯೇ ಡಾನ್ಸ್ ಬೀಟ್ ಸೇರಿಸಿದ್ದು. ಆ ಹಾಡಿನಲ್ಲಿ ಒಬ್ಬರು ಸಾಲು ಎತ್ತಿದರೆ ನೆರೆದ ಹೆಂಗಸರೆಲ್ಲ ತಿರುಗಿ ಹಾಡಬೇಕು. ರೆಕಾರ್ಡಿಂಗಿಗೆ ನಾವೂ ಹೋಗಿ ಗಂಟಲು ಹರಿಯುವಂತೆ ಹಾಡಿ ಬಂದಿದ್ದೆವು.

ಈಗ ಸ್ಪೀಕರಿನಲ್ಲಿ ಲಿಲ್ಲಿಬಾಯಿಯ ಸಾಲು ಮುಗಿದರೆ ನಮ್ಮ ಸ್ವರವೇ ಇಲ್ಲ, ಬರೀ ಧಬಧಬ!

“ಹಿಂದಿನ ಗದ್ದಲ ಎಲ್ಲ ಕಟ್ ಮಾಡಿದ್ದೇನೆ ಮಾರಾಯ್ರೆ, ಎಷ್ಟು ಕ್ಲೀನ್ ಉಂಟು ನೋಡಿ!” ಎಂದರು ಡೊಲ್ಫಿ.

“ಎಂತದು ಡೊಲ್ಫಿ, ನನಗೆ ದನಿ ಕೊಡ್ಲಿಕ್ಕೆ ಒಂದು ಜನ ಇಲ್ವಾ? ಇದು ಮದುವೆ ಮನೆಯಾ, ಸಾವಿನ ಮನೆಯಾ?” ಎಂದ ಲಿಲ್ಲಿಬಾಯಿ ಪ್ಲಗ್ಗನ್ನೇ ಕಿತ್ತು ಹಾಡತೊಡಗಿದರು. ಗದ್ದಲವೆಲ್ಲ ಒಟ್ಟಾಗಿ ದನಿಗೂಡಿಸಿತು.

ಸೀರೆಯ ಕಲೆ ಹೋಗಿದೆ. ಗೇಟಿನ ಬಳಿ ಸಿಕ್ಕಾಗ ಡೊಲ್ಫಿಯವರು ಈಗಲೂ “ಹೇಗಿದ್ದೀರಿ?” ಎನ್ನುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಅಷ್ಟು ಕ್ಲೀನ್ ಕಿವಿಗೆ ನನ್ನ ಗದ್ದಲ ಯಾಕೆ?