ಕೊಟ್ಟಿಗೆಗೆ ತಂದ ಉಸುಕು

ಅಫಜಲಪುರದ ಕಡೆಯ ಭೀಮಾ ಹೊಳೆಯನ್ನು ತಾಯಿ, ದೇವಿ ಎಂದು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರೊಮ್ಮೆ ಎಮ್ಮೆ ಮೇಯಿಸಿ ನೋಡಲಿ. ದಂಡೆಯ ಎರೆಭೂಮಿಯಲ್ಲಿ ಚಳಿಗಾಲಕ್ಕೆ ಜೋಳ, ಕಬ್ಬು. ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಹುಲ್ಲಿರುವುದು ಹೊಳೆಯ ನಡುಗಡ್ಡೆಯಲ್ಲಿ ಮಾತ್ರ. ಅಲ್ಲಿಗೆ ಎಮ್ಮೆ ಹೊಡೆದುಕೊಂಡು ಹೋಗುವುದು ನಮ್ಮವ್ವನ ಕೆಲಸ.

ಹೊಳೆ ದಾಟುವಾಗ ಮನುಷ್ಯರು ಮುಂದೆ ಹೋಗಬಾರದೆಂಬುದು ನಮ್ಮಲ್ಲಿಯ ರೂಢಿ. ಹಿರಿಯ ಎಮ್ಮೆ ಮುಂದೆ, ಅದರ ಬಾಲ ಹಿಡಿದು ಅವ್ವ ಹಿಂದೆ. ಗಟ್ಟಿ ನೆಲ ಎಲ್ಲಿದೆಯೆಂದು ಅದರ ಕಾಲಿಗೆ ಗೊತ್ತಿತ್ತು. ನಾನು ಕೋಲಿನಿಂದ ಆಳ ನೋಡಲು ಹೋದರೆ ಅವ್ವ ಬೈಯುತ್ತಿದ್ದಳು. "ಹಿಂದ್ ಸರಿಲೇ! ನಿನಗಿಂತ ಆಕಿಗೆ ಭಾಳ ಗೊತ್ತದ."

ಒಂದು ಬೇಸಿಗೆಯ ಕೊನೆಗೆ, ನಡುಗಡ್ಡೆಯ ಹುಲ್ಲು ಮುಗಿದು ದಾಟುವುದು ನಿಂತಾಗ, ಎಮ್ಮೆಗಳಿಗೆ ಸಿಮೆಂಟಿನ ಕೊಟ್ಟಿಗೆ ಕಟ್ಟಿಸುವ ಹುಚ್ಚು ನನಗೆ ಹಿಡಿಯಿತು. ಸಿಮೆಂಟಿಗೆ ಬೆರೆಸಲು ಹೊಳೆಯ ಉಸುಕು ಬೇಕಿತ್ತು. ಎಮ್ಮೆ ದಾಟುವ ಜಾಗವನ್ನು ಟ್ರ್ಯಾಕ್ಟರಿನವನಿಗೆ ನಾನೇ ತೋರಿಸಿದೆ. ಅಲ್ಲಿ ಗಾಲಿ ಹೂಳುವುದಿಲ್ಲವಲ್ಲ. ಎಂಥ ಶಾಣ್ಯಾ ನಾನು! ಉಸುಕು ತೋಡಿದ ಕಡೆ ಆಳುದ್ದದ ತೆಗ್ಗು ಬಿತ್ತು. ಅವ್ವ ಕೇಳಿದಾಗ ಹಳ್ಳದ ಉಸುಕು ಎಂದೆ, ಬೈಗುಳ ತಪ್ಪಲಿ ಎಂದು. ಗೋಡೆ ಕಟ್ಟುವ ಗೌಂಡಿ ಮಳೆಗಾಲ ಮುಗಿಯಲಿ ಎಂದ. ಉಸುಕು ಅಂಗಳದಲ್ಲೇ ಬಿದ್ದಿತ್ತು.

ಮಳೆ ಬಂದು ತೆಗ್ಗು ಮುಚ್ಚಿತು, ಬರೀ ರಾಡಿಯಿಂದ. ನಾನು ಅದನ್ನು ಮರೆತೇಬಿಟ್ಟೆ. ನೀರಿಳಿದ ಮೇಲೆ ಮೊದಲ ಸಲ ದಾಟಿದ ದಿನ ಹಿರಿಯ ಎಮ್ಮೆ ತನ್ನ ದಾರಿಯಲ್ಲೇ ಹೋಯಿತು, ಒಂದು ಗೇಣೂ ಆಚೀಚೆ ಇಲ್ಲ. ನಡುಹೊಳೆಯಲ್ಲಿ ಹೊಟ್ಟೆತನಕ ಹೂತಿತು. ಒದ್ದಾಡಿದಷ್ಟೂ ಕೆಳಗಿಳಿಯಿತು. ಅವ್ವನೂ ಎದೆಮಟ್ಟ ಸಿಕ್ಕಿಕೊಂಡಳು, ಬಾಲ ಮಾತ್ರ ಬಿಡಲೊಲ್ಲಳು. ದಂಡೆಯಲ್ಲಿದ್ದ ನಾನು ಓಡಿಹೋಗಿ ಅವಳ ರಟ್ಟೆ ಹಿಡಿದು ಎಳೆದು ತಂದಾಗ ಬಾಲ ಅವಳ ಕೈಯಿಂದ ಜಾರಿತು. ಊರವರು ಹಗ್ಗ ತರುವಷ್ಟರಲ್ಲಿ ಎಮ್ಮೆಯ ಮೂಗು ಮುಳುಗಿತ್ತು.

"ವಯಸ್ಸಾಗಿತ್ರಿ, ದಾರಿ ಮರ್ತದ," ಎಂದರು ನೆರೆಮನೆಯ ಕಾಕಾ.

ಅವ್ವ ಸಿಡಿದಳು. "ಆಕಿ ಮರೆಯಾಕಿ ಅಲ್ಲ! ನಾನೇ ಕೈ ಬಿಟ್ಟೆ. ನನ್ನ ಕೈಗಿಷ್ಟು ಬೆಂಕಿ ಬೀಳ."

ನಾನು ಬಾಯಿ ಬಿಡಲಿಲ್ಲ. ಥೂ ನನ್ನ ಜನ್ಮಕ್ಕೆ! ಇವತ್ತಿಗೂ ಬಿಟ್ಟಿಲ್ಲ.

ಆಮೇಲೆ ಅದೇ ಉಸುಕಿನಲ್ಲಿ ಕೊಟ್ಟಿಗೆ ಎದ್ದಿತು. ಉಳಿದ ಎರಡು ಎಮ್ಮೆ ಅಲ್ಲಿವೆ. ದಿನಾ ಮುಂಜಾನೆ ಅವ್ವ ನೆಲ ತೊಳೆಯುತ್ತಾಳೆ, ತೊಳೆಯುತ್ತಲೇ ಅನ್ನುತ್ತಾಳೆ. "ಛಲೋ ಕಟ್ಟಿಸಿದಿ ನೋಡ್ ಯಪ್ಪಾ. ಇದರಾಗ ಒಂದಿನ ನಿಂದ್ರೂ ಪುಣ್ಯಾ ಆಕಿಗಿರಲಿಲ್ಲ."