ಎಡಗಡೆಯ ಎಂಜಿನ್ ಕೆಮ್ಮಿದ ದಿನ

ಎಡಗಡೆಯ ಎಂಜಿನ್ ನಿಂತುಹೋದಾಗ ಚಾಮುಂಡಿ ಬೆಟ್ಟ ಎಷ್ಟು ಹತ್ತಿರ ಬಂದಿತ್ತೆಂದರೆ, ಬಂಡೆಯ ಮೇಲಿನ ಮೇಕೆಗಳು ಚದುರಿ ಓಡುವುದು ಕಾಣಿಸಿತು. ಇಂದಿಗೂ ಬೆಟ್ಟದ ಕಡೆ ನೋಡಿದರೆ ನನಗೆ ಮೊದಲು ಕಾಣುವುದು ಆ ಮೇಕೆಗಳೇ.

ವಿಮಾನ ಓಡಿಸುತ್ತಿದ್ದವರು ನನ್ನ ಭಾವ, ಅಕ್ಕನ ಗಂಡ. ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಅದು ಮುಗಿದ ಮೇಲೆ ಕೆಲಸವಿಲ್ಲದೆ ಮೈಸೂರಿನ ಒಂಟಿಕೊಪ್ಪಲಿನ ಮನೆಯಲ್ಲಿ ಕೂತಿದ್ದವರನ್ನು ಕರೆದು ಕೆಲಸ ಕೊಟ್ಟದ್ದು ಒಂದು ಸಣ್ಣ ವಿಮಾನ ಕಂಪನಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಂಥವು ಅಣಬೆಯಂತೆ ಎದ್ದವು, ಅಣಬೆಯಂತೆಯೇ ಮುದುಡಿದವು. ಭಾವನ ಕಂಪನಿಯೂ ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸತೊಡಗಿತ್ತು. ಅದೇ ಹೊತ್ತಿಗೆ ಕಲ್ಕತ್ತೆಯ ದೊಡ್ಡ ಕಂಪನಿಯೊಂದು ಭಾವನನ್ನು ಕರೆಯಿತು.

“ಹೋಗ್ಬುಡೋಣ ಕಣ್ರೀ,” ಅಂದಳು ಅಕ್ಕ.

“ನನ್ನ ಕಷ್ಟಕ್ಕೆ ಆದೋರು. ಅವ್ರ ಕಷ್ಟಕ್ಕೆ ನಾನು ಎದ್ದು ಹೋಗ್ಲಾ?”

“ನಾಳೆ ಅವ್ರೇ ನಿಮ್ಮನ್ನ ಕೈಬುಟ್ರೆ?”

“ಬುಟ್ರೆ ನಿಮ್ಮಪ್ಪನ ಮನೇಲಿ ಊಟ ಇದ್ದೇ ಇದೆಯಲ್ಲ,” ಎಂದು ಭಾವ ನಕ್ಕರು.

ಮೇಲೇರುವ ಮುನ್ನ ವಿಮಾನ ಮೈದಾನದ ತುದಿಯಲ್ಲಿ ಬ್ರೇಕ್ ಹಿಡಿದು ನಿಂತು, ಒಂದೊಂದೇ ಎಂಜಿನ್ನನ್ನು ಜೋರು ಮಾಡಿ ಕೇಳುವುದು ಪೈಲಟರ ಪದ್ಧತಿ. ಸದ್ದು ಕೆಟ್ಟಿದ್ದರೆ ವಾಪಸ್. ಹಿಂದಿನ ವಾರ ಭಾವ ಹಾಗೆ ವಾಪಸ್ ಬಂದಾಗ ಮ್ಯಾನೇಜರು, “ನೀವು ಹಿಂಗೆ ತಿರುಗಿಸ್ಕೊಂಡು ಬರ್ತಾ ಇದ್ರೆ ಕಂಪನಿಗೆ ಬೀಗ ಹಾಕೋಕೆ ಬೇರೆಯೋರು ಬೇಡ ಸ್ವಾಮಿ,” ಎಂದಿದ್ದರಂತೆ.

ಆ ದಿನ ಬರೀ ಸರಕು ಹೊತ್ತ ವಿಮಾನದಲ್ಲಿ ನಾನೂ ಬೆಂಗಳೂರಿಗೆ ಹೊರಟಿದ್ದೆ. ವಿಮಾನದ ರೇಡಿಯೋ ನೋಡಿಕೊಳ್ಳುತ್ತಿದ್ದವನನ್ನು ಆಗಲೇ ಕೆಲಸದಿಂದ ತೆಗೆದಿದ್ದರು. ಅವನ ಖಾಲಿ ಕುರ್ಚಿಯಲ್ಲಿ ಭಾವ ನನ್ನನ್ನು ಕೂರಿಸಿದರು. ಬಲಗಡೆಯದು ಸರಿಯಾಗಿ ಮೊರೆಯಿತು. ಎಡಗಡೆಯದು ಕೆಮ್ಮಿತು.

“ತಿರುಗಿಸ್ಬುಡಿ ಸಾರ್,” ಅಂದ ಪಕ್ಕದ ಪೈಲಟ್.

“ಹೋದ ವಾರ ತಾನೇ ತಿರುಗಿಸಿದ್ವಲ್ಲೋ,” ಎಂದು ಭಾವ ಬ್ರೇಕ್ ಬಿಟ್ಟರು.

ಆಮೇಲಿನದು ಬೆಟ್ಟ, ಮೇಕೆಗಳು, ಭಾವನ ಕತ್ತಿನ ಮೇಲೆ ಇಳಿಯುತ್ತಿದ್ದ ಬೆವರು. ಒಂದೇ ಎಂಜಿನ್ನಿನಲ್ಲಿ ಬೆಟ್ಟವನ್ನು ಸುತ್ತಿ ವಿಮಾನವನ್ನು ತಂದು, ಮೈದಾನದ ಅಂಚಿನ ರಾಗಿ ಹೊಲದಲ್ಲಿ ಇಳಿಸಿದರು. ಮೂವರೂ ಉಳಿದೆವು, ವಿಮಾನ ಉಳಿಯಲಿಲ್ಲ. ಅದನ್ನು ಹಾಳು ಮಾಡಿದರೆಂದು ಭಾವನನ್ನೇ ತೆಗೆದುಹಾಕಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಕಂಪನಿಗೂ ಬೀಗ ಬಿತ್ತು. ವಿಮಾನ ಮುರಿದ ಪೈಲಟ್ ಕಲ್ಕತ್ತೆಯವರಿಗೆ ಬೇಡವಾಗಿದ್ದ.

ಭಾವ ನಜರ್‌ಬಾದಿನಲ್ಲಿ ಕಾರು ಕಲಿಸುತ್ತ ಉಳಿದುಬಿಟ್ಟರು. ಕಲಿಯಲು ಬಂದವರಿಂದ ಎಂಜಿನ್ ಶುರು ಮಾಡಿಸಿ, ತಲೆ ವಾಲಿಸಿ ಕೇಳುವರು. ಸದ್ದು ಹಿಡಿಸದಿದ್ದರೆ, “ಇಳೀರಿ, ಇವತ್ತು ಬೇಡ.” ಬಂದವರು ಗೊಣಗುತ್ತ ಹೋಗುವರು.

“ಇವತ್ತೂ ವಾಪಸ್ಸಾ?” ಅನ್ನುವಳು ಅಕ್ಕ.

“ಹೂಂ ಕಣೇ.”

ಅವಳು ಕಾಫಿಗೆ ನೀರಿಡುತ್ತಿದ್ದಳು.