ಬಿಚ್ಚಿದ ಗೆಜ್ಜೆ

ರಾಣೆಬೆನ್ನೂರಿನಿಂದ ಹಲಗೇರಿಗೆ ಹೊರಟವನು ದಾರಿಬದಿಯ ಬಯಲಿನಲ್ಲಿ ಮಾರವಾಡಿ ತಳಿಯ ಕುದುರೆಗಳನ್ನು ಕಂಡು ಬೈಕು ನಿಲ್ಲಿಸಿದೆ. ಮನಸ್ಸಿದ್ದವರು ಕುದುರೆ ತಂದರೆ ಪಶುವೈದ್ಯೆಯೊಬ್ಬರು ಪರೀಕ್ಷಿಸಿ, ಅದು ಮರಿ ಮಾಡಿಸಲು ತಕ್ಕದ್ದೋ ಅಲ್ಲವೋ ಎಂದು ಬರೆದುಕೊಡುತ್ತಾರಂತೆ. ಬಹುಮಾನವಿಲ್ಲ. ಇದಕ್ಕೆ ಯಾರು ಬರುತ್ತಾರೆ ಎಂದುಕೊಂಡೆ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಬಸಣ್ಣನ ಸರದಿ ಬಂತು. ಅವನ ಹೆಣ್ಣುಗುದುರೆ ಪ್ರದರ್ಶನದಲ್ಲಿ ಕಪ್ ಗೆದ್ದದ್ದು ಎಂದು ಪಕ್ಕದವರು ಪಿಸುಗುಟ್ಟಿದರು.

“ಎರಡೂ ಮುಂಗಾಲಿನ ಗೆಜ್ಜೆ ಬಿಚ್ರಿ,” ಎಂದರು ವೈದ್ಯೆ.

ಬಸಣ್ಣ ಬಗ್ಗಿ ಕೂತ. ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅಗಲವಾದ ಗೆಜ್ಜೆಪಟ್ಟಿ ಕಳಚಿದಾಗ, ಎಡಗಾಲು ಗೊರಸಿನ ಮೇಲೆಯೇ ಒಳಕ್ಕೆ ಸೊಟ್ಟಗಿದ್ದದ್ದು ನನಗೂ ಕಾಣಿಸಿತು.

“ಹುಟ್ಟಿದಾಗಿಂದ ಹಿಂಗ ಐತೇನ್ರಿ?” ವೈದ್ಯೆ ಕೇಳಿದರು.

“ಹೌದ್ರಿ. ಪ್ರದರ್ಶನದಾಗ ಯಾರೂ ಗೆಜ್ಜೆ ಬಿಚ್ಚಿಸಲಿಲ್ರಿ.”

“ಇಲ್ಲಿಗೆ ನಿಮ್ಮನ್ನ ಯಾರೂ ಕರದಿರಲಿಲ್ಲಲ್ರಿ. ಮತ್ಯಾಕ ಬಂದ್ರಿ?”

“ಕಪ್ ನೋಡಿ, ಇಕಿ ಮರಿ ಬೇಕಂತ ಮಂದಿ ಮನಿಗೆ ಬರಾಕತ್ತಾರ. ಮರಿಗೂ ಈ ಕಾಲ ಬಂದ್ರ? ನೀವು ಬರದ ಬಿಡ್ರಿ.”

‘ಮರಿ ಮಾಡಿಸುವುದು ಬೇಡ’ ಎಂದು ವೈದ್ಯೆ ಬರೆದುಕೊಟ್ಟರು. ಬಸಣ್ಣ ಚೀಟಿಯನ್ನು ಎರಡು ಸಲ ಓದಿ ಜೇಬಿಗಿಟ್ಟ. ಬಲಗಾಲಿಗೆ ಗೆಜ್ಜೆ ಮತ್ತೆ ಕಟ್ಟಿದ. ಎಡಗಾಲಿನದನ್ನು ಕೈಯಲ್ಲೇ ಹಿಡಿದು, ಕುದುರೆಯನ್ನು ಎಲ್ಲರ ಮುಂದೆಯೇ ನಿಧಾನವಾಗಿ ನಡೆಸಿಕೊಂಡು ಹೋದ.